ಕಲ್ಲುಬಾನಿಯ ಏಡಿ, ಉಸ್ತಾದರ ಎಡಗೈ

ನಾನು ಇದುವರೆಗೆ ಎಷ್ಟು ಕಣ್ಣು ಬರೆದಿದ್ದೇನೋ ಆ ಭಗವಂತನಿಗೇ ಗೊತ್ತು. ರಾಜನ ಕಣ್ಣು, ರಾಣಿಯ ಕಣ್ಣು, ಕುದುರೆ ಕಣ್ಣು, ಗಿಳಿ ಕಣ್ಣು, ತಲೆಯಾಡಿಸುವ ಶೆಟ್ಟರ ಕಣ್ಣು. ಚನ್ನಪಟ್ಟಣದ ಒಂದು ಬೊಂಬೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೂತು, ಅಳಿಲ ಬಾಲದ ಕುಂಚ ಹಿಡಿದು ನಾನು ಮಾಡಿದ ಕೆಲಸ ಇದೊಂದೇ. ಗೌಡ ನಿದ್ದೆಯಲ್ಲೂ ಕಣ್ಣು ಬರೆಯುತ್ತಾನೆ ಅಂತ ಜೊತೆಯವರು ಆಡಿಕೊಳ್ಳುತ್ತಿದ್ದರು. ಅಂಥವನಿಗೆ ಮೊನ್ನೆ ಒಂದು ಮರದ ಏಡಿಗೆ ಎರಡು ಕಣ್ಣು ಬರೆಯುವಾಗ ಕೈ ನಡುಗಿಹೋಯಿತು. ಆ ಎರಡು ಕಣ್ಣಿನ ವಿಚಾರ ಹೇಳಬೇಕಾದರೆ ಮೊದಲು ಉಸ್ತಾದರ ವಿಚಾರ ಹೇಳಬೇಕು.

ಅವರ ಹೆಸರು ಬರೆಯುವುದಿಲ್ಲ. ತಾವು ಕಡೆದ ಯಾವ ಬೊಂಬೆಯ ಅಡಿಯಲ್ಲೂ ಅವರು ಹೆಸರು ಗೀಚಿದವರಲ್ಲ. ಊರಿಗೆಲ್ಲ ಅವರು ಉಸ್ತಾದರು, ಅಷ್ಟೇ. ಆ ದಿನಗಳಲ್ಲಿ ಕಾರ್ಖಾನೆ ಅಂದರೆ ಹಬೆಯಂತ್ರ, ಚಕ್ರ ಏನೂ ಇಲ್ಲ. ನೆಲದ ಮೇಲೆ ಚಾಪೆ, ಎದುರಿಗೆ ಎರಡು ಗೂಟದ ನಡುವೆ ಸಿಕ್ಕಿಸಿದ ಹಾಲೆ ಮರದ ತುಂಡು, ಅದಕ್ಕೆ ಸುತ್ತಿದ ಬಿಲ್ಲಿನ ದಾರ. ಬಲಗೈ ಬಿಲ್ಲು ಎಳೆಯುತ್ತದೆ, ಮರ ಗಿರಗಿರ ತಿರುಗುತ್ತದೆ, ಎಡಗೈಯ ಉಳಿ ಅದನ್ನು ಸವರುತ್ತದೆ. ಕಡೆದಾದ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿದರೆ ಬಿಸಿಗೆ ಕರಗಿ ತಾನೇ ಹತ್ತಿಕೊಳ್ಳುತ್ತದೆ. ಕೊನೆಗೆ ತಾಳೆಗರಿಯಲ್ಲಿ ಉಜ್ಜಿದರೆ ಮುಖ ಕಾಣುವಷ್ಟು ಹೊಳಪು.

ಉಸ್ತಾದರು ಕಡೆಯುವಾಗ ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಬೆಳಗಿನ ಬಿಸಿಲು ಹೆಂಚಿನ ಸಂದಿಯಿಂದ ಇಳಿದು, ಅದರಲ್ಲಿ ಮರದ ಹುಡಿ ಚಿನ್ನದ ಪುಡಿಯಾಗಿ ತೇಲುತ್ತಿತ್ತು. ಅದರ ನಡುವೆ ಬಿಳಿ ಟೋಪಿ ಹಾಕಿಕೊಂಡು ಈ ಮನುಷ್ಯ ತೂಗುತ್ತಾ ಕೂತಿದ್ದರೆ, ಇವರು ಇಲ್ಲಿದ್ದಾರೋ ಇನ್ನೆಲ್ಲೋ ಇದ್ದಾರೋ ಅನ್ನಿಸುತ್ತಿತ್ತು. ಯಾರಾದರೂ ಅವಸರ ಮಾಡಿದರೆ, "ತಡೀರಪ್ಪ, ಮರ ಇನ್ನೂ ನಿದ್ದೇಲೈತೆ, ಮೆತ್ತಗೆ ಎಬ್ಬಿಸ್ಬೇಕು" ಅನ್ನುವರು. ಮರವನ್ನು ಎಬ್ಬಿಸುವುದಕ್ಕೆ ಒಂದು ಇಡೀ ಬೆಳಗ್ಗೆ ತೆಗೆದುಕೊಂಡದ್ದೂ ಉಂಟು. ಯಜಮಾನರು ಹಲ್ಲು ಕಡಿದುಕೊಂಡು ಸುಮ್ಮನಿರುತ್ತಿದ್ದರು, ಏಕೆಂದರೆ ಅಂಥ ಕೆಲಸದವರು ಪಕ್ಕದ ಕ್ಲೋಸ್‌ಪೇಟೆಯಲ್ಲಿಲ್ಲ, ಮೈಸೂರಿನಲ್ಲೂ ಇಲ್ಲ.

ಒಂದು ಕೆಲಸ ಮಾತ್ರ ಅವರು ಮಾಡುತ್ತಿರಲಿಲ್ಲ. ಬೊಂಬೆಗೆ ಕಣ್ಣು ಇಡುತ್ತಿರಲಿಲ್ಲ. ಎಲ್ಲ ಮುಗಿಸಿ ನನ್ನ ಕಡೆ ಚಾಚುತ್ತಿದ್ದರು.

"ಮುಖ ಕೊಡೋದು ಮೇಲಿನೋನ ಕೆಲಸ ಗೌಡಾ. ನಾನು ಬರೀ ಮರಾನ ದುಂಡಗೆ ಮಾಡೋನು."

"ಹಂಗಾದ್ರೆ ನಾನು ಮೇಲಿನೋನಾ ಉಸ್ತಾದ್ರೆ?"

"ನೀನೆಲ್ಲಿ ಮೇಲಿನೋನು, ಕೆಸರುಗಾಲಿನ ಗೌಡ! ನಿಮ್ಮ ದೇವ್ರು ನಿಮಗೆ ಒಸಿ ಸಡಿಲ ಬುಟ್ಟವ್ನೆ. ಬರಿ ಬರಿ. ನೋಟ ಮಾತ್ರ ಎದುರಿಗಿರಲಿ. ಮಗು ಕೈಗೆತ್ಕೊಂಡ್ರೆ ಬೊಂಬೆ ಅದರ ಮುಖಾನೇ ನೋಡ್ಬೇಕು, ಸೂರು ನೋಡ್ಬಾರ್ದು."

ಹೀಗೆ ನಮ್ಮದು ಜೋಡೆತ್ತಿನ ಗಾಡಿ. ಅವರು ಕಡೆಯದಿದ್ದರೆ ನನಗೆ ಕಣ್ಣಿಡಲು ಬೊಂಬೆಯಿಲ್ಲ. ನಾನು ಕಣ್ಣಿಡದಿದ್ದರೆ ಅವರ ಬೊಂಬೆ ರೈಲು ಸ್ಟೇಷನ್ನಿಗೆ ಹೋಗುವುದಿಲ್ಲ.

ಒಂದು ಯುಗಾದಿಯ ಹೊತ್ತಿಗೆ ಅವರ ಎಡಗೈಗೆ ಉಳಿ ತಾಗಿತು. ಏನೂ ದೊಡ್ಡ ಗಾಯವಲ್ಲ, ಅಂಥದ್ದು ನೂರು ಆಗಿರುತ್ತವೆ. ಇದು ಮಾತ್ರ ಕೀವಾಗಿ, ಊದಿ, ಮೊಣಕೈವರೆಗೆ ಕೆಂಪೇರಿತು. ಬೆಂಗಳೂರಿನ ಆಸ್ಪತ್ರೆಗೆ ರೈಲಿನಲ್ಲಿ ಕರೆದೊಯ್ದೆವು. ಜೀವ ಉಳಿಯಬೇಕಾದರೆ ಹೆಬ್ಬೆರಳೂ ತೋರುಬೆರಳೂ ಹೋಗಬೇಕು ಅಂದರು ಡಾಕ್ಟರು. ಜೀವ ಉಳಿಯಿತು. ಉಳಿ ಹಿಡಿಯುವ ಎರಡು ಬೆರಳು ಹೋದವು.

ಊರಿಗೆ ಬಂದವರು ಜಗಲಿ ಬಿಟ್ಟು ಏಳಲಿಲ್ಲ. ಎಡಗೈ ಯಾವಾಗಲೂ ಶಾಲಿನ ಒಳಗೆ. "ಇಲ್ದಿರೋ ಬೆರಳು ಕಡೀತೈತೆ ಗೌಡಾ. ಎಲ್ಲಿ ಅಂತ ಕೆರ್ಕೊಳ್ಳಲಿ?" ಅಂತ ಒಮ್ಮೆ ಕೇಳಿದರು. ಉಳಿಯನ್ನು ಅಂಗೈಗೆ ಕಟ್ಟಿಕೊಳ್ಳಿ, ಕಾಲ ಹೆಬ್ಬೆರಳು ಒತ್ತುಕೊಟ್ಟರೆ ಮರ ಕಡೆಯಬಹುದು ಅಂತ ಕಾರ್ಖಾನೆಯವರು ಹೋಗಿ ಹೇಳಿದರು. ಅವರು ಗೋಡೆ ಕಡೆ ಮುಖ ತಿರುಗಿಸಿಬಿಟ್ಟರು. ಅವರ ಹೆಂಡತಿ ಬೂಬಮ್ಮ ರೇಷ್ಮೆ ನೂಲು ಬಿಚ್ಚುವ ಮನೆಗೆ ಕೆಲಸಕ್ಕೆ ಹೋಗತೊಡಗಿದರು. ಕುದಿನೀರಲ್ಲಿ ಗೂಡು ಆಡಿಸಿ ಆಡಿಸಿ ಆ ತಾಯಿಯ ಕೈ ಬೆಂದುಹೋಗಿದೆ ಅಂತ ಕೇಳುತ್ತಿದ್ದೆ. ನೋಡಿದವನಲ್ಲ. ಮೂವತ್ತು ವರ್ಷ ಅವರ ಮನೆಗೆ ಹೋಗಿ ಬಂದಿದ್ದೇನೆ, ಬಾಗಿಲ ಗೋಣಿ ಪರದೆಯ ಹಿಂದಿನ ದನಿ ಬಿಟ್ಟರೆ ಬೂಬಮ್ಮನ ಮುಖ ನನಗೆ ಗೊತ್ತಿಲ್ಲ.

ಯಜಮಾನರು ಉಸ್ತಾದರ ಚಾಪೆಯನ್ನು ಸುತ್ತಿ ಮೂಲೆಗೆ ನಿಲ್ಲಿಸಿದರು, ಬೇರೆಯವರಿಗೆ ಕೊಡಲಿಲ್ಲ. ಅಷ್ಟರಮಟ್ಟಿಗೆ ದೊಡ್ಡ ಮನಸ್ಸೇ ಅನ್ನಬೇಕು. ಮೂಲೆಯ ಆ ಚಾಪೆಯ ಧೂಳನ್ನು ದಿನಾ ಬೆಳಗ್ಗೆ ನಾನೇ ಕೊಡವುತ್ತಿದ್ದೆ. ಅವರು ಮತ್ತೆ ಅದರ ಮೇಲೆ ಕೂರಬೇಕು, ಅದೊಂದೇ ನನ್ನ ಆಸೆ.

ಆ ಶ್ರಾವಣದಲ್ಲಿ ಒಂದು ದಿನ ಗದ್ದೆ ಬದುವಿನಲ್ಲಿ ಏಡಿ ಹಿಡಿದು ಕುಕ್ಕೆಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದೆ. ನೆಗಡಿಗೆ ಏಡಿ ಸಾರಿನಂಥ ಮದ್ದು ಇನ್ನೊಂದಿಲ್ಲ ನಮ್ಮ ಕಡೆ. ಉಸ್ತಾದರ ಜಗಲಿಯಲ್ಲಿ ಒಂದು ಗಳಿಗೆ ಕೂತೆ. ಅವರು ಏಡಿ ತಿನ್ನುವವರಲ್ಲ, ಸುಮ್ಮನೆ ಕುಕ್ಕೆಯೊಳಗೆ ಇಣುಕಿದರು. ಇಣುಕಿದವರು ಹಾಗೇ ನಿಂತುಬಿಟ್ಟರು.

"ಇದರ ಎಡಗೈ ಯಾರು ತಗೊಂಡ್ರು ಗೌಡಾ?"

ನೋಡಿದರೆ ಹೌದು, ಒಂದು ಏಡಿಗೆ ಎಡಗಡೆಯ ದೊಡ್ಡ ಕೊಂಡಿಯೇ ಇಲ್ಲ.

"ಯಾರೂ ತಗೊಂಡಿಲ್ಲ ಉಸ್ತಾದ್ರೆ. ಹಿಡ್ಕೊಂಡ್ರೆ ತಾನೇ ಕಳಚಿಕೊಟ್ಟು ಓಡೋಯ್ತದೆ. ಆಮೇಲೆ ಮತ್ತೆ ಬತ್ತದೆ."

"ಮತ್ತೆ ಬತ್ತದಾ?"

"ಬತ್ತದೆ. ನಮ್ಮ ರೇಷ್ಮೆ ಹುಳ ಜ್ವರಕ್ಕೆ ಕೂತು ಪೊರೆ ಬುಡಲ್ವಾ, ಹಂಗೇ ಇದೂ ಚಿಪ್ಪು ಬುಡ್ತದೆ. ಆವಾಗ ಒಳಗಿಂದ ಹೊಸ ಕೈ ಬತ್ತದಂತೆ. ನಮ್ಮಜ್ಜ ಹೇಳ್ತಿದ್ದ."

ಜ್ವರ ಅಂದರೆ ಮೈ ಬಿಸಿಯಾಗುವ ಜ್ವರವಲ್ಲ. ಹುಳ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಒಂದು ದಿನ ಕೂರುತ್ತದೆ. ಎದ್ದಾಗ ಹಳೆ ಚರ್ಮ ಕಳಚಿರುತ್ತದೆ. ಗೂಡು ಕಟ್ಟುವುದರೊಳಗೆ ಹೀಗೆ ನಾಲ್ಕು ಸಾರಿ. ಅದಕ್ಕೆ ನಮ್ಮ ಮನೆಗಳಲ್ಲಿ ಜ್ವರ ಅಂತಲೇ ಹೇಳುವುದು. ನಾನು ಬಾಯಿಗೆ ಬಂದಂತೆ ಆಡಿದ ಆ ಮಾತು ಮುಂದೆ ನನ್ನ ಕತ್ತಿಗೇ ಸುತ್ತಿಕೊಳ್ಳುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಉಸ್ತಾದರು ಆ ಏಡಿಯನ್ನು ಕೇಳಿ ಇಟ್ಟುಕೊಂಡರು. ಹಿತ್ತಲಲ್ಲಿ ನುಗ್ಗೆ ಮರದ ಕೆಳಗೆ, ಹಿಂದೆ ಕುರಿಗೆ ನೀರಿಡುತ್ತಿದ್ದ ಒಂದು ಕಲ್ಲುಬಾನಿ ಇತ್ತು. ಅದರಲ್ಲಿ ಮರಳು ಹಾಕಿ, ಒಂದು ಒಡೆದ ಹೆಂಚನ್ನು ಮನೆಯ ಹಾಗೆ ಒರಗಿಸಿ, ಗೇಣುದ್ದ ನೀರು ಬಿಟ್ಟು ಅದನ್ನು ಸಾಕತೊಡಗಿದರು. ನನ್ನ ಹೆಂಡತಿ ಕೇಳಿ ನಕ್ಕಳು. "ಸಾರು ಮಾಡಿದ್ರೆ ಒಂದು ಮುದ್ದೆಗೆ ಸಾಲದ ಜೀವ, ಅದಕ್ಕೊಂದು ಅರಮನೆ!" ಅಂದಳು.

ದಿನಾ ಬೆಳಗ್ಗೆ ಬಾವಿಯಿಂದ ಹೊಸ ನೀರು. ಅನ್ನದ ಅಗುಳು, ಎರೆಹುಳ, ಬಸವನ ಹುಳುವಿನ ಚೂರು. ಬಲಗೊಂಡಿಯಲ್ಲಿ ಎತ್ತಿ ಎತ್ತಿ ತಿನ್ನುತ್ತಿತ್ತು. ಉಸ್ತಾದರು ಬಾನಿಯ ಅಂಚಿಗೆ ಗಲ್ಲ ಊರಿಕೊಂಡು ಗಂಟೆಗಟ್ಟಲೆ ನೋಡುವರು. ನೀರಿನ ಬೆಳಕು ಅವರ ಗಡ್ಡದ ಮೇಲೆ ಅಲುಗಾಡುವುದು. ಕಡೆಯುವಾಗ ಇರುತ್ತಿದ್ದ ಆ ಅರೆಗಣ್ಣು ಮತ್ತೆ ಬಂದಿತ್ತು. "ನಿನ್ನೆ ಕನಸಲ್ಲಿ ನಾನೂ ಬಾನಿ ಒಳಗಿದ್ದೆ ಗೌಡಾ. ನೀರು ಬೆಚ್ಚಗಿತ್ತು. ಬೆರಳು ಎಲ್ಲಾ ಇದ್ವು, ಎಣಿಸ್ದೆ" ಅಂದರು ಒಂದು ದಿನ. ನಾನು ನಗುವಂತೆ ಕೆಮ್ಮಿದೆ.

ಸ್ವಲ್ಪ ದಿನಕ್ಕೆ ಕೈ ಮುರಿದ ಜಾಗದಲ್ಲಿ ಒಂದು ಮೊಗ್ಗು ಕಾಣಿಸಿತು. ಸಣ್ಣದು, ಮಲ್ಲಿಗೆ ಮೊಗ್ಗಿನಷ್ಟು, ಮಡಿಸಿಟ್ಟ ಹಾಗೆ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ನಾನು ಹಲ್ಲುಜ್ಜುತ್ತಿದ್ದೆ, ನಮ್ಮ ಬೀದಿಯ ತುದಿಯಿಂದ ಉಸ್ತಾದರು ಓಡಿ ಬಂದರು. ಹತ್ತು ತಿಂಗಳಿಂದ ಬೀದಿಗೆ ಇಳಿಯದವರು. ಶಾಲು ಇಲ್ಲ, ಬೆರಳಿಲ್ಲದ ಕೈಯನ್ನು ಊರೆಲ್ಲ ನೋಡುವಂತೆ ಬೀಸುತ್ತಾ ಬಂದರು.

"ಎರಡಾಗೈತೆ ಗೌಡಾ, ಬಾ! ಒಂದು ಹೋಗಿ ಎರಡಾಗೈತೆ!"

ಹೋಗಿ ನೋಡಿದೆ. ಬಾನಿಯಲ್ಲಿ ನಿಜವಾಗಿ ಎರಡು ಏಡಿ. ಒಂದು ಬರೀ ಚಿಪ್ಪು, ಕಾಲು, ಮೀಸೆ, ಕಣ್ಣಿನ ಕಡ್ಡಿ ಎಲ್ಲ ಇದ್ದು ಒಳಗೆ ಯಾರೂ ಇಲ್ಲ. ಇನ್ನೊಂದು ಹೆಂಚಿನ ಕೆಳಗೆ ಮುದುಡಿಕೊಂಡಿದೆ, ಅದಕ್ಕೆ ಎಡಗಡೆ ಹುಣಸೆ ಬೀಜದಷ್ಟು ಒಂದು ಬಿಳೀ ಕೈ.

"ಹಿಂದಕ್ಕೆ ಹಿಂದಕ್ಕೆ ಬಂತು ಗೌಡಾ" ಅಂದರು, ಪಿಸುಮಾತಿನಲ್ಲಿ, ಮಗು ಮಲಗಿರುವ ಮನೆಯಲ್ಲಿ ಮಾತಾಡುವಂತೆ. "ಬೆನ್ನು ಬಿರೀತು. ಅದು ಮೆಲ್ಲಗೆ ತನ್ನ ಮೈಯಿಂದ ತಾನೇ ಆಚೆಗೆ ಬಂತು. ಮುಟ್ಬೇಡ, ಇನ್ನೂ ಹಸಿ, ಬೆಣ್ಣೆ ಇದ್ದಂಗೈತೆ."

ಎರಡು ದಿನ ಕಳೆದು ಅದು ತನ್ನ ಹಳೇ ಚಿಪ್ಪನ್ನೇ ಮುರಿದು ತಿನ್ನತೊಡಗಿತು. ಉಸ್ತಾದರು ಅದನ್ನೂ ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಇನ್ನೊಂದು ಸಾರಿ ಚಿಪ್ಪು ಬುಡ್ಲಿ. ಆ ಕೈ ದೊಡ್ಡದಾಗ್ಲಿ. ಆ ಕೈಯಲ್ಲಿ ಒಂದು ಅಗುಳು ಎತ್ತಿ ಬಾಯಿಗೆ ಇಟ್ಕೊಂಡ ದಿನ ನಾನೂ ಉಳಿ ಹಿಡೀತೀನಿ. ಖುದಾನ ಆಣೆ." ಪರದೆಯ ಹಿಂದೆ ಬೂಬಮ್ಮ ಬಿಕ್ಕಿದ್ದು ಕೇಳಿಸಿತು.

ಈ ಆಣೆಯ ಸುದ್ದಿ ಕಾರ್ಖಾನೆ ಮುಟ್ಟಿತು. ಕೆಲವರು ನಕ್ಕರು. ಯಜಮಾನರು ನಗಲಿಲ್ಲ. "ಒಂದು ದಸರೆ ಕಾದಿದ್ದೀನಿ, ಇನ್ನೊಂದು ಕಾಯ್ತೀನಿ. ಈ ಸಾರಿ ದಸರೆಗೆ ಕೂರದಿದ್ರೆ ಜಾಗ ಬೇರೆಯವರಿಗೆ" ಅಂದರು. ದಸರೆ ಅಂದರೆ ಬೊಂಬೆ ಹಬ್ಬ, ನಮಗೆ ಅದೇ ಸುಗ್ಗಿ. ಅಲ್ಲಿಂದ ನಾನೂ ದಿನಾ ಸಂಜೆ ಬಾನಿ ನೋಡಿಯೇ ಮನೆಗೆ ಹೋಗುತ್ತಿದ್ದೆ. ಒಂದು ಏಡಿಯ ಎಡಗೈ ಯಾವಾಗ ಬೆಳೆಯುತ್ತದೆ ಅಂತ ಕಾಯುವ ಇಬ್ಬರು ಗಡ್ಡ ನೆರೆತ ಗಂಡಸರು!

ಭಾದ್ರಪದದಲ್ಲಿ ಉಸ್ತಾದರ ತಮ್ಮನ ಮಗಳ ಮದುವೆ, ಮಾಗಡಿಯಲ್ಲಿ. ಎತ್ತಿನ ಗಾಡಿ ಕಟ್ಟಿಸಿ ಗಂಡ ಹೆಂಡತಿ ಹೊರಟರು. ಎಂಟು ದಿನ ಏಡಿ ನನ್ನ ಪಾಲಿಗೆ. ಗಾಡಿ ಹತ್ತಿದವರು ಮತ್ತೆ ಇಳಿದು ಬಂದು, "ನೀನಿದ್ದೀಯ ಅಂತ ಹೋಗ್ತಿದೀನಿ ಗೌಡಾ" ಅಂದರು.

ನಾಲ್ಕನೆಯ ದಿನ ಏಡಿ ತಿನ್ನುವುದನ್ನು ಬಿಟ್ಟಿತು. ಹೆಂಚಿನ ಕೆಳಗೆ ಮಂಕಾಗಿ ಕೂತಿತು, ಕಡ್ಡಿಯಲ್ಲಿ ಮುಟ್ಟಿದರೂ ಅಲ್ಲಾಡಲಿಲ್ಲ. ನನಗೆ ಹಿಗ್ಗೋ ಹಿಗ್ಗು. ಜ್ವರಕ್ಕೆ ಕೂತಿದೆ! ಅದೇ ವಾರ ನಮ್ಮ ಮನೆಯಲ್ಲೂ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳ ಜ್ವರದಲ್ಲಿದ್ದಾಗ ನಾವು ಏನು ಮಾಡುತ್ತೇವೆ? ಹಾಸಿಗೆ ಒಣಗಿಸುತ್ತೇವೆ. ತೇವ ಇದ್ದರೆ ಹುಳ ಕೊಳೆತು ಸಾಯುತ್ತದೆ. ಆಮೇಲೆ ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸುತ್ತೇವೆ. ಹುಟ್ಟಿದಾರಭ್ಯ ಹುಳದ ತಟ್ಟೆಗಳ ನಡುವೆಯೇ ಬೆಳೆದವನಿಗೆ ಜ್ವರ ಕಾಯುವುದನ್ನು ಯಾರು ಹೇಳಿಕೊಡಬೇಕು? ಮನೆಗೆ ಹೋಗಿ ಒಂದು ಹಿಡಿ ಸುಣ್ಣ ತಂದೆ. ಬಾನಿಯ ನೀರನ್ನೆಲ್ಲ ಚಂಬಿನಲ್ಲಿ ತೋಡಿ ಚೆಲ್ಲಿದೆ. ಮರಳನ್ನು ಬಟ್ಟೆಯಲ್ಲಿ ಒತ್ತಿ ಒತ್ತಿ ಒಣಗಿಸಿದೆ. ಏಡಿಯ ಮೇಲೆ, ಸುತ್ತ, ಅಂಚಿನ ಮೇಲೆಲ್ಲ ಸುಣ್ಣ ಉದುರಿಸಿ, ಒಳ್ಳೇ ಕೆಲಸ ಮಾಡಿದೆ ಅಂತ ಹಾಡಿಕೊಂಡು ಮನೆಗೆ ಹೋದೆ.

ಬೆಳಗ್ಗೆ ಬಂದು ನೋಡಿದರೆ ಏಡಿ ಸತ್ತಿತ್ತು.

ಬೆನ್ನು ಬಿರಿದಿತ್ತು. ಅರ್ಧ ಮೈ ಆಚೆಗೆ ಬಂದಿತ್ತು. ಎಡಗೈ ಪೂರಾ ಆಚೆಗೆ ಬಂದಿತ್ತು, ಬಲಗೈಗಿಂತ ಒಂದು ಕೂದಲೆಳೆ ಚಿಕ್ಕದು, ಹಾಲಿನಂಥ ಬಿಳುಪು, ಇನ್ನೂ ಮೆತ್ತಗೆ. ಅದರ ಮೇಲೆ ನನ್ನ ಸುಣ್ಣ. ನಾನು ಅಲ್ಲೇ ಕೂತುಬಿಟ್ಟೆ. ಅಯ್ಯೋ ಪಾಪಿ, ಎಂಥ ಕೆಲಸ ಮಾಡಿಬಿಟ್ಟೆ! ಹುಳದ ಬುದ್ಧಿಯನ್ನು ನೀರಿನ ಜೀವಕ್ಕೆ ಹಚ್ಚಿದೆನಲ್ಲ! ಉಸ್ತಾದರು ಇನ್ನು ಜಗಲಿಯಿಂದ ಏಳುವುದಿಲ್ಲ, ಚಾಪೆ ಮೂಲೆಯಿಂದ ಇಳಿಯುವುದಿಲ್ಲ ಅಂತ ತಲೆ ಚಚ್ಚಿಕೊಂಡೆ.

ಅಳು ಮುಗಿದ ಮೇಲೆ ಕಳ್ಳಬುದ್ಧಿ ಬಂತು. ನುಗ್ಗೆ ಮರದ ಬುಡದಲ್ಲಿ ಅದನ್ನು ಹೂತೆ. ಬಾನಿ ತೊಳೆದೆ, ಮರಳು ಬದಲಿಸಿದೆ, ಹೊಸ ನೀರು ತುಂಬಿದೆ. ಮೂರು ದಿನ ಕಾರ್ಖಾನೆಗೆ ಚಕ್ಕರ್ ಹೊಡೆದು ಕಣ್ವ ಹೊಳೆಯ ದಂಡೆ, ಗದ್ದೆ ಬದು, ಕಾಲುವೆ ಎಲ್ಲ ಅಲೆದೆ. ಸೊಂಟದವರೆಗೆ ಕೆಸರು. ಬಿಲ ಬಿಲಕ್ಕೂ ಕೈ ಹಾಕಿದೆ. ಅದೇ ಗಾತ್ರ ಇರಬೇಕು, ಅದೇ ಬಣ್ಣ ಇರಬೇಕು, ಎಡಗೈ ಒಂದು ಕೂದಲೆಳೆ ಚಿಕ್ಕದಿರಬೇಕು. ಹೊಲದಲ್ಲಿದ್ದ ಹೆಂಗಸರು, "ಏನ್ ಗೌಡ್ರೆ, ಏಡಿಗೆ ಹೆಣ್ಣು ನೋಡ್ತಿದೀರಾ?" ಅಂತ ನಕ್ಕರು. ಮೂರನೆಯ ದಿನ ಸಂಜೆ ಒಂದು ಸಿಕ್ಕಿತು. ಸಿಗುವ ಮುಂಚೆ ಅದು ನನ್ನ ಹೆಬ್ಬೆರಳನ್ನು ಹಿಡಿದು ಎರಡೂ ಕಡೆಯಿಂದ ಕಚ್ಚಿ ಬಿಡಲೇ ಇಲ್ಲ. ರಕ್ತ ಸುರಿಯುತ್ತಿದ್ದರೂ ನನಗೆ ಖುಷಿ.

ಎಂಟನೆಯ ದಿನ ಗಾಡಿ ಬಂತು. ಉಸ್ತಾದರು ಕಾಲು ತೊಳೆಯಲು ಹಿತ್ತಲಿಗೆ ಹೋದರು, ನಾನು ಹಿಂದೆಯೇ. ಬಾನಿಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ನಾನು ಒಂದು ಅಗುಳು ಹಾಕಿದೆ. ನಾನು ಬೇಡಿಕೊಂಡ ದೇವರುಗಳು ಕೈಬಿಡಲಿಲ್ಲ, ಏಡಿ ಎಡಗೊಂಡಿಯಲ್ಲೇ ಅದನ್ನು ಎತ್ತಿ ಬಾಯಿಗಿಟ್ಟಿತು.

"ನೋಡಿ ಉಸ್ತಾದ್ರೆ! ಚಿಪ್ಪು ಬುಡ್ತು! ಕೈ ಬಂತು! ಚಿಪ್ಪನ್ನೂ ತಿಂದ್ಬುಟ್ಟಿತು, ಒಂದು ಚೂರೂ ಬುಡ್ಲಿಲ್ಲ!"

ಅವರು ಏಡಿಯನ್ನು ನೋಡುತ್ತಿರಲಿಲ್ಲ. ನನ್ನ ಹೆಬ್ಬೆರಳಿಗೆ ಸುತ್ತಿದ ಬಟ್ಟೆಯನ್ನು ನೋಡುತ್ತಿದ್ದರು.

"ಬೆರಳಿಗೆ ಏನಾಯ್ತು?"

"ಉಳಿ ತಾಗ್ತು."

"ನೀನು ಯಾವಾಗ ಉಳಿ ಹಿಡಿದೆ? ಕುಂಚ ಹಿಡಿಯೋನು" ಅಂದರು. ಬಾನಿಯ ಅಂಚಿಗೆ ಅಂಟಿದ್ದ ಬಿಳೀ ಹುಡಿಯನ್ನು ಬೆರಳಲ್ಲಿ ಸವರಿ, "ಗಾಯಕ್ಕೆ ಅರಿಸಿನ ಹಾಕು. ಸುಣ್ಣ ಮಾತ್ರ ಹಾಕ್ಬೇಡ ಗೌಡಾ" ಅಂದರು. ಹಿರಿಯರು ಮದ್ದು ಹೇಳಿದರು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಮಾರನೆಯ ಬೆಳಗ್ಗೆ ಅವರು ಕಾರ್ಖಾನೆಗೆ ಬಂದರು. ತಾವೇ ಮೂಲೆಯ ಚಾಪೆ ಬಿಚ್ಚಿ ಹಾಸಿದರು. ಉಳಿಯನ್ನು ಅಂಗೈಗೆ ಬಟ್ಟೆಯಲ್ಲಿ ಬಿಗಿಸಿ ಕಟ್ಟು ಅಂತ ನನ್ನ ಮುಂದೆ ಕೈ ಚಾಚಿದರು. ಕಟ್ಟಿದೆ. ಎಲ್ಲರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಮೊದಲ ಮರ ಹಾರಿ ಗೋಡೆಗೆ ಬಡಿಯಿತು. ಎರಡನೆಯದು ಸೀಳಿತು. ಮಧ್ಯಾಹ್ನದ ಹೊತ್ತಿಗೆ ಅವರ ಕಾಲ ಹೆಬ್ಬೆರಳಲ್ಲಿ ರಕ್ತ. ಸಂಜೆಗೆ ಒಂದು ಸೊಟ್ಟ ಬುಗುರಿ ಆಯಿತು. ಅದನ್ನು ನೆಲಕ್ಕೆ ಬಿಟ್ಟರೆ ಕುಡಿದವನಂತೆ ಓಲಾಡಿ ಬಿತ್ತು. ಉಸ್ತಾದರು ನಕ್ಕರು. ಒಂದೂವರೆ ವರ್ಷದ ಮೇಲೆ ಆ ನಗು ಕೇಳಿದ್ದು ನಾವು.

ಆ ಶುಕ್ರವಾರ ನಮಾಜು ಮುಗಿಸಿ ಬಂದು ಏಡಿಯನ್ನು ಮಡಕೆಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. "ಇದರ ಕೆಲಸ ಆಯ್ತು. ಎಲ್ಲಿಂದ ತಂದ್ಯೋ ಅಲ್ಲೇ ಬುಟ್ಬಾ." ಬಿಟ್ಟು ಬಂದೆ.

ಅದಾದ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪಕ್ಕಪಕ್ಕ ಕೂತೆವು. ಅವರ ಕೈಯಲ್ಲಿ ಹಳೆಯ ನುಣುಪು ಬರಲೇ ಇಲ್ಲ, ಬೇರೆ ಏನೋ ಬಂತು. ಕುದುರೆ ಒಸಿ ವಾಲುತ್ತಿತ್ತು, ರಾಣಿಯ ಸೊಂಟ ಒಸಿ ಬಳುಕುತ್ತಿತ್ತು, ಮಕ್ಕಳು ಅವನ್ನೇ ಕೇಳಿ ತೆಗೆದುಕೊಳ್ಳುತ್ತಿದ್ದರು. ಅವರಿಗೆ ಒಂದು ಹೊಸ ಅಭ್ಯಾಸ ಅಂಟಿಕೊಂಡಿತ್ತು. ಬೊಂಬೆಯನ್ನು ಕಣ್ಣಿಗೆ ನನ್ನ ಕಡೆ ಚಾಚುವರು, ನಾನು ಹಿಡಿದುಕೊಂಡರೂ ಬಿಡರು. "ಏನಾದ್ರೂ ಹೇಳ್ಬೇಕಾ ಗೌಡಾ?" ಅಂತ ಕೇಳುವರು.

"ಏನಿಲ್ಲ ಉಸ್ತಾದ್ರೆ" ಅನ್ನುತ್ತಿದ್ದೆ.

"ಸರಿ ಬುಡು" ಅಂತ ಕೈ ಬಿಡುವರು. ವಾರಕ್ಕೊಮ್ಮೆಯಾದರೂ ಇದು ನಡೆಯುತ್ತಿತ್ತು. ಎಷ್ಟೋ ಸಾರಿ ಹೇಳಿಬಿಡಬೇಕು ಅಂತ ನಾಲಿಗೆಯ ತುದಿಗೆ ಬಂದದ್ದುಂಟು. ಹೇಳಿದರೆ ಇವರ ಆಣೆ ಸುಳ್ಳಾಗುತ್ತದೆ, ಮತ್ತೆ ಶಾಲಿನೊಳಗೆ ಕೈ ಹೋಗುತ್ತದೆ ಅಂತ ಹೆದರಿ ನುಂಗಿಕೊಳ್ಳುತ್ತಿದ್ದೆ. ಹೆದರಿಕೆ ಅವರಿಗಾಗಿಯೋ ನನಗಾಗಿಯೋ, ಈಗ ಹೇಳಲಾರೆ.

ಉಸ್ತಾದರು ಈ ವರ್ಷ ಹೋದರು, ಕೆಮ್ಮು ಅಂತ ನಾಲ್ಕು ದಿನ ಮಲಗಿದವರು. ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಬೂಬಮ್ಮ ಹೇಳಿಕಳಿಸಿದರು. ಹೋಗಿ ಜಗಲಿಯಲ್ಲಿ ಕೂತೆ. ಪರದೆಯ ಅಡಿಯಿಂದ ಒಂದು ಸಣ್ಣ ಗಂಟು ಈಚೆಗೆ ಸರಿಯಿತು. ಬಿಚ್ಚಿದೆ. ಒಳಗೆ ಅಂಗೈ ಅಗಲದ ಒಂದು ಮರದ ಏಡಿ.

ಸೊಟ್ಟ ಕೆಲಸ. ಕಾಲುಗಳು ಒಂದೊಂದು ಒಂದೊಂದು ಕಡೆ. ಬೆರಳು ಹೋದ ಮೇಲೆ ಮತ್ತೆ ಉಳಿ ಹಿಡಿದ ಹೊಸದರಲ್ಲಿ ಕಡೆದದ್ದು ಅಂತ ನೋಡಿದ ಕೂಡಲೇ ಗೊತ್ತಾಯಿತು. ಮೈಗೆಲ್ಲ ಕಂದು ಅರಗು. ಎಡಗೈ ಬಲಗೈಗಿಂತ ಒಂದು ಕೂದಲೆಳೆ ಚಿಕ್ಕದು. ಆ ಎಡಗೈಗೆ ಮಾತ್ರ ಅರಗು ಹಾಕಿರಲಿಲ್ಲ, ಹಾಲೆ ಮರದ ಬಿಳುಪನ್ನು ಹಾಗೇ ಬಿಟ್ಟಿದ್ದರು.

ನಾನು ಹೊಳೆಯಿಂದ ತಂದ ಏಡಿಯ ಎರಡು ಕೈಯೂ ಕಂದು. ಅಷ್ಟು ದೊಡ್ಡದಾಗಿ ಬೆಳೆದ ಬಿಳೀ ಕೈಯನ್ನು ನೋಡಿದವನು ಲೋಕದಲ್ಲಿ ನಾನೊಬ್ಬನೇ, ಆ ಬೆಳಗ್ಗೆ, ಸುಣ್ಣದ ನಡುವೆ. ಇಲ್ಲವಾದರೆ ನುಗ್ಗೆ ಬುಡ ಅಗೆದು ನೋಡಿದವರು.

"ಬೂಬಮ್ಮಾ" ಅಂದೆ. ಏಡಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡೆ. ಮತ್ತೆ ಅಂದೆ. "ಬೂಬಮ್ಮಾ, ಆ ಏಡಿನ ಕೊಂದಿದ್ದು ನಾನು. ನೀರು ತೆಗೆದು ಸುಣ್ಣ ಹಾಕ್ದೆ. ಬೇರೆ ತಂದಿಟ್ಟು ಸುಳ್ಳು ಹೇಳ್ದೆ."

ಪರದೆ ಒಮ್ಮೆ ಅಲುಗಿತು. ಆಮೇಲೆ ದನಿ ಬಂತು.

"ಅವ್ರಿಗೆ ಅವತ್ತೇ ಗೊತ್ತಾಯ್ತು ಗೌಡ್ರೆ. ನೀವು ಅತ್ಲಾಗೆ ಹೋದ್ರಿ, ಇತ್ಲಾಗೆ ನುಗ್ಗೆ ಬುಡದಲ್ಲಿ ಹಸೀ ಮಣ್ಣು ಕಂಡು ಅಗೆದ್ರು. ಕೈಯಲ್ಲಿ ಇಟ್ಕೊಂಡು ಅತ್ರು. ನಾನು ಕೇಳ್ದೆ, ಇನ್ನು ಆಣೆ ಕತೆ ಏನು, ಕೂರಲ್ವಾ ಅಂತ."

"ಏನಂದ್ರು?"

"ಆಣೆ ಇಟ್ಟಿದ್ದು ಏಡಿ ಮೇಲೆ, ಅದು ತನ್ನ ಕೆಲಸ ಮುಗಿಸೇ ಹೋಗೈತೆ, ಕೈ ಬಂದಿತ್ತು ಅಂದ್ರು. ಆಮೇಲೆ, ಗೌಡ ನನಗೋಸ್ಕರ ಎಷ್ಟು ಬಿಲಕ್ಕೆ ಕೈ ಹಾಕವ್ನೋ, ಅವನ ಬೆರಳು ನೋಡಿದ್ಯಾ, ನಾಳೆ ನಾನು ಕೂರದಿದ್ರೆ ಆ ಬೆರಳಿಗೆ ಏನು ಬೆಲೆ ಅಂದ್ರು. ಈ ಬೊಂಬೆ ಮಾಡಿ ಇಟ್ಕೊಂಡ್ರು. ಕಣ್ಣು ಬರ್ಸಲ್ವಾ ಅಂತ ಕೇಳಿದ್ರೆ, ಗೌಡ ತಾನಾಗಿ ಬಾಯಿ ಬುಟ್ಟು ಹೇಳಿದ ದಿನ ಬರ್ಸ್ತೀನಿ, ಅಲ್ಲೀವರೆಗೂ ಅವನಿಗೆ ತೋರಿಸ್ಬೇಡ ಅಂದ್ರು." ಮತ್ತೆ ಹೇಳಿದರು. "ಕೊನೇ ದಿನಾನೂ ಕೇಳಿದ್ರು, ಗೌಡ ಬಂದಿದ್ನಾ, ಏನಾದ್ರೂ ಹೇಳಿದ್ನಾ ಅಂತ."

ಆ ದಿನ ನಾನು ಹೋಗಿದ್ದೆ. ಕಾಲ ಬಳಿ ಕೂತು, ಮಳೆ ಬೆಳೆ ಮಾತಾಡಿ ಎದ್ದು ಬಂದಿದ್ದೆ.

ನಾನು ಜಗಲಿಯಲ್ಲಿ ಕೂತು ಅತ್ತೆ, ನಾಚಿಕೆ ಬಿಟ್ಟು ಅತ್ತೆ. ಬೂಬಮ್ಮ ತಡೆಯಲಿಲ್ಲ. ಅತ್ತು ಮುಗಿದ ಮೇಲೆ ಮನೆಗೆ ಹೋಗಿ ಕುಂಚ, ಕಪ್ಪು ಬಣ್ಣ ತಂದೆ. ಹಿತ್ತಲಿಗೆ ಹೋಗಿ ಕಲ್ಲುಬಾನಿಯ ಅಂಚಿನ ಮೇಲೆ ಕೂತೆ. ಬಾನಿಯಲ್ಲಿ ಈಗ ಮಳೆನೀರು, ನುಗ್ಗೆ ಎಲೆ. ಬೆಳಕು ಅಲ್ಲಾಡುತ್ತಿತ್ತು. ಕೈ ನಡುಗುವುದು ನಿಲ್ಲುವವರೆಗೆ ಕಾದೆ, ನಿಲ್ಲಲಿಲ್ಲ, ನಡುಗುವ ಕೈಯಲ್ಲೇ ಬರೆದೆ. ಎರಡು ಕಣ್ಣು, ಒಸಿ ಸೊಟ್ಟ. ನೋಟ ಮಾತ್ರ ಎದುರಿಗೆ ಇಟ್ಟೆ, ಅವರು ಕಲಿಸಿದ ಹಾಗೆ.

ಬಣ್ಣ ಒಣಗಲಿ ಅಂತ ಬಾನಿಯ ಅಂಚಿಗೆ ಇಟ್ಟರೆ ಅದು ನನ್ನ ಮುಖವನ್ನೇ ನೋಡುತ್ತಿತ್ತು.

"ಹೇಳ್ದೆ ಉಸ್ತಾದ್ರೆ" ಅಂದೆ.